ಮಗಳು ಬಯಾಲಜಿಸ್ಟ್ ಆಗ್ತೇನಿ ಅಂತಾಳ, ಈ ಕೆಲಸದಾಗ ಇರಾವ್ರು ಖರೇ ಹೇಳ್ರಿ

ಅಚ್ಚಿನಮನಿ, ಗದಗ:
ಎಲ್ಲಾರಿಗೂ ನಮಸ್ಕಾರ್ರಿ. ಗದಗದಾಗ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡಸ್ತೇನಿ. ಲಗ್ನಪತ್ರ, ಬಿಲ್ ಬುಕ್, ವಿಸಿಟಿಂಗ್ ಕಾರ್ಡ್. ಮಗಳು ಧಾರವಾಡದಾಗ ಬಿ.ಎಸ್ಸಿ. ಕಡೇ ವರ್ಷ, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ. ನೀಟ್ ಎರಡ ಸಲ ಬರದ್ಲು, ಸೀಟ್ ಸಿಗಲಿಲ್ಲ. ಅದರ ದುಃಖ ನಮಗಷ್ಟ ಇತ್ತು, ಅಕಿಗೆ ಇರಲೇ ಇಲ್ಲ ಅನ್ನೂದು ಈಗ ಗೊತ್ತಾಗೇತಿ. ದೀಪಾವಳಿಗೆ ಬಂದಾಕಿ, "ಅಪ್ಪಾ, ನಾ ಬಿ.ಎಡ್. ಮಾಡಂಗಿಲ್ಲ, ಬಯಾಲಜಿಸ್ಟ್ ಆಗ್ತೇನಿ" ಅಂದ್ಲು.

ಮೂವತ್ತು ವರ್ಷದಾಗ ಎಂಥೆಂಥಾ ಹುದ್ದೆದ್ದು ಕಾರ್ಡ್ ಅಚ್ಚ ಹಾಕೇನ್ರಿ. ವಾಸ್ತು ಪಂಡಿತ, ಬೋರ್‌ವೆಲ್ ಪಾಯಿಂಟ್ ತೋರಸಾವ, ನಾಯಿಗೆ ಟ್ರೇನಿಂಗ್ ಕೊಡಾವ. ಬಯಾಲಜಿಸ್ಟ್ ಅಂತ ಇವತ್ತಿಗೂ ಒಂದು ಕಾರ್ಡ್ ಬಂದಿಲ್ಲ. ಅದಕ್ಕ ಕೇಳಾಕ್ಹತ್ತೇನಿ. ಇವ್ರು ಮುಂಜಾನೆ ಎದ್ದು ಏನ್ ಮಾಡ್ತಾರ? ಪಗಾರ ಯಾರ ಕೊಡ್ತಾರ? ನಮ್ಮ ಕಡೆನ ಇದ್ದು ಈ ಕೆಲಸ ಮಾಡಾಕ ಬರತೈತೇನು?

ಲೆಕ್ಕದ ಪುಸ್ತಕ, ಹುಬ್ಬಳ್ಳಿ:
ಕಾಕಾ, ಸಿಟ್ಟಾಗಬ್ಯಾಡ್ರಿ, ನೇರ ಹೇಳ್ತೀನಿ. ನಮ್ಮ ಓಣ್ಯಾಗ ಎಂ.ಎಸ್ಸಿ. ಜುವಾಲಜಿ ಮಾಡಿದವ್ರು ಮೂರು ಮಂದಿ ಅದಾರ. ಒಬ್ಬಾವ ಔಷಧ ಕಂಪನಿ ರೆಪ್. ಒಬ್ಬಾಕಿ ವಿಮಾ ಏಜೆಂಟ್. ಇನ್ನೊಬ್ಬಾವ ಬ್ಯಾಂಕ್ ಪರೀಕ್ಷೆ ಬರದು ಪಾರಾದ. ಕಪ್ಪಿ ಕೊಯ್ದವ್ರು ಯಾರೂ ಕಪ್ಪಿಯಿಂದ ಊಟ ಮಾಡಿಲ್ಲ. ಈಗ್ಲೇ ಬ್ಯಾಂಕಿಂಗ್ ಕೋಚಿಂಗಿಗೆ ಹಚ್ಚಿಬಿಡ್ರಿ.

ಅತಿಥಿ ದೇವೋ ಭವ, ಧಾರವಾಡ:
ಒಂದು ತಿದ್ದುಪಡಿ. ಈಗ ಕಪ್ಪೆಯನ್ನೂ ಕೊಯ್ಯುವುದಿಲ್ಲ. 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪದವಿ ತರಗತಿಗಳಲ್ಲಿ ಪ್ರಾಣಿ ಛೇದನ ನಿಲ್ಲಿಸಿತು. ನಾನು ಓದುವಾಗ ಮೇಣದ ತಟ್ಟೆ, ಗುಂಡುಪಿನ್ನು, ಫಾರ್ಮಾಲಿನ್ ವಾಸನೆ ಎಲ್ಲ ಇತ್ತು. ಈಗ ನನ್ನ ವಿದ್ಯಾರ್ಥಿಗಳು ಕಂಪ್ಯೂಟರ್ ಪರದೆಯ ಮೇಲೆ ಕಪ್ಪೆಯ ಹೃದಯ ನೋಡುತ್ತಾರೆ, ಕರೆಂಟ್ ಇದ್ದ ದಿನ.

ನಾನು ಹನ್ನೊಂದು ವರ್ಷದಿಂದ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ಉಪನ್ಯಾಸಕ ಹುದ್ದೆಯ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ, ಪಿಎಚ್.ಡಿ. ಆಗಿದೆ. ರಜೆಯ ತಿಂಗಳಲ್ಲಿ ಸಂಬಳ ಇಲ್ಲ. ಪ್ರತಿ ವರ್ಷ ಕೌನ್ಸೆಲಿಂಗ್, ಪ್ರತಿ ವರ್ಷ ಹೊಸದಾಗಿ ಅದೇ ಕಾಗದಪತ್ರಗಳ ಜೆರಾಕ್ಸ್. ಪಾಠ ಮಾಡುವುದು ಇಷ್ಟ, ಅದರಲ್ಲಿ ಸುಳ್ಳಿಲ್ಲ. ಆದರೆ ಮಗಳು ಕಾಲೇಜು ಉಪನ್ಯಾಸಕಿ ಆಗುವ ಒಂದೇ ಕನಸು ಇಟ್ಟುಕೊಂಡು ಎಂ.ಎಸ್ಸಿ.ಗೆ ಹೋಗುವುದಾದರೆ, ಖಾಯಂ ಹುದ್ದೆಯ ಅಧಿಸೂಚನೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಲಿ. ಇಷ್ಟೇ ಹೇಳುತ್ತೇನೆ, ಉಳಿದದ್ದು ಹೇಳಿದರೆ ಬಿಪಿ ಏರುತ್ತದೆ.

ಬೀಜದ ಮನಿ, ರಾಣೆಬೆನ್ನೂರು:
ಲೆಕ್ಕದ ಪುಸ್ತಕದವ್ರೇ, ನಿಮ್ಮ ಆ ಮೂವರ ಪಟ್ಟಿಗೆ ನನ್ನ ಹೆಸರೂ ಬರಕೋರಿ. ನಾ ಬಯಾಲಜಿಯಿಂದನ ಊಟ ಮಾಡಾಕ್ಹತ್ತೇನಿ.

ನಮ್ಮವ್ವ ಇಪ್ಪತ್ತು ವರ್ಷ ಬೀಜದ ಪ್ಲಾಟಿನಾಗ ಹತ್ತಿ ಕ್ರಾಸಿಂಗಿಗೆ ಕೂಲಿ ಹೋಗ್ಯಾಳ. ಹೊತ್ತು ಇಳದ ಮ್ಯಾಲೆ, ನಾಳೆ ಅರಳೂ ಮೊಗ್ಗಿ ಯಾವ್ದು ಅಂತ ಕಣ್ಣಿಲೆ ಹುಡುಕಬೇಕು. ಉಗುರಿಲೆ ಪಕಳಿ ಸುಲದು, ಒಳಗಿನ ಗಂಡು ಕೇಸರ ಅಷ್ಟೂ ತಗದು, ಗುರುತು ಹಚ್ಚಿ ಬರಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂ ಹರಕೊಂಡು ಬಂದು ಅದಕ್ಕ ತೀಡಬೇಕು. ಉಗುರು ಚೂರು ಆಳ ಹೋತು ಅಂದ್ರ ಕಾಯಿ ಉದುರತೈತಿ. ಕೇಸರ ಒಳಗ ಉಳೀತು ಅಂದ್ರ ಅದರದ್ದ ಪರಾಗಕ್ಕ ಅದರದ್ದ ಬೀಜ ಕಟ್ಟತೈತಿ, ಹೈಬ್ರಿಡ್ ಆಗಂಗಿಲ್ಲ. ಅಂಥಾವು ಜಾಸ್ತಿ ಆದ್ವು ಅಂದ್ರ ಆ ಲಾಟ್ ಪೂರಾ ವಾಪಸ್. ಮುಂದ ಕಾಲೇಜಿನಾಗ ಗುರುಗಳು ಬೋರ್ಡಿನ ಮ್ಯಾಲೆ "ಇಮ್ಯಾಸ್ಕುಲೇಶನ್" ಅಂತ ಬರದು ಅರ್ಧಾ ತಾಸು ವಿವರಿಸಿದ್ರು. ನನಗ ನಗು ತಡಕೊಳ್ಳಾಕ ಆಗಲಿಲ್ಲ. ಆ ವಿಷಯದಾಗ ನಮ್ಮವ್ವ ಅವರಿಗಿಂತ ಚುರುಕು ಇದ್ಲು, ಅಕಿ ಸಾಲಿ ಮೆಟ್ಟಿಲ ಹತ್ತಿದಾಕಿ ಅಲ್ಲ.

ಈ ಕ್ರಾಸಿಂಗ್ ನಮ್ಮ ಸೀಮಿಗೆ ಎಲ್ಲಿಂದ ಬಂತು ಅಂತೀರಿ? ಧಾರವಾಡದ ಸಂಶೋಧನಾ ಕೇಂದ್ರದಿಂದ. ಬಿ.ಎಚ್. ಕತ್ತರಕಿ ಅವರು 1972ರಾಗ ವರಲಕ್ಷ್ಮಿ ಹತ್ತಿ ಬಿಡುಗಡೆ ಮಾಡಿದ್ರು. ನಮ್ಮ ಲಕ್ಷ್ಮಿ ಹತ್ತಿ ಒಂದು ಜಾತಿ, ಅದಕ್ಕ ಕೂಡಿಸಿದ ಉದ್ದೆಳಿ ಹತ್ತಿ ಬ್ಯಾರೇ ಜಾತಿ. ಎರಡು ಜಾತಿ ಕೂಡಿಸಿ ರೈತರ ಹೊಲಕ್ಕ ಇಳಿಸಿದ್ದು ಸಣ್ಣ ಮಾತಲ್ಲ. ಮುಂದ ಅಲ್ಲಿಂದನ ಡಿಸಿಎಚ್-32 ಬಂತು, ಜಯಲಕ್ಷ್ಮಿ ಅಂತಾರಲ್ಲ, ಅದು. ಒಂದು ಪ್ರಯೋಗಾಲಯದ ಕೆಲಸಕ್ಕ ಸಾವಿರಾರು ಹೆಣ್ಮಕ್ಕಳ ಉಗುರು ಬೇಕಾದ್ವು. ನಮ್ಮ ಮನಿ ಅನ್ನ ಅದರಾಗಿಂದನ ಬಂದೈತಿ.

ಈಗ ನಾ ಒಂದು ಬೀಜದ ಕಂಪನ್ಯಾಗ ಮೆಣಸಿನಕಾಯಿ ತಳಿ ಮಾಡ್ತೇನಿ. ಎರಡು ಗಿಡ ಕೂಡಿಸಿದ ಮ್ಯಾಲೆ ಗುಣ ಒಂದ ನಮೂನಿ ನಿಲ್ಲಾಕ ಆರೇಳು ಪೀಳಿಗೆ ಬೇಕು. ಆಮ್ಯಾಲೆ ಬ್ಯಾರೆ ಬ್ಯಾರೆ ಊರಾಗ ಟ್ರಯಲ್. ನಾ 2016ರಾಗ ಮಾಡಿದ ಕ್ರಾಸ್ ಇನ್ನೂ ಅಂಗಡಿಗೆ ಬಂದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಬೇಕು, ಖಾರ ಕಡಿಮಿ ಬೇಕು, ನುಸಿ ತಡಕೋಬೇಕು, ಇಳುವರಿನೂ ಬೇಕು. ನಾಕೂ ಒಂದ ಗಿಡದಾಗ ಕೇಳಿದ್ರ ಗಿಡನೂ ನಗತೈತಿ. ಮೊದಲ ಪಗಾರ ಕೈಗೆ 22 ಸಾವಿರ. ಈಗ ರಾಣೆಬೆನ್ನೂರಾಗ ಮನಿ ಕಟ್ಟಿಸೇನಿ, ಸಾಲನೂ ಐತಿ.

ಕಾಕಾ, ಒಂದು ಕಿವಿಮಾತು. ಕೃಷಿ ವಿಶ್ವವಿದ್ಯಾಲಯದಾಗ ತಳಿಶಾಸ್ತ್ರದಂಥಾ ಬಹಳ ವಿಭಾಗದ ಎಂ.ಎಸ್ಸಿ.ಗೆ ಬಿ.ಎಸ್ಸಿ. ಅಗ್ರಿನ ಆಗಿರಬೇಕು. ನಿಮ್ಮ ಮಗಳದು ಸಾದಾ ಬಿ.ಎಸ್ಸಿ. ಹಂಗಾಗಿ ಅಕಿಗೆ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಅಂಥಾ ಬಾಗಿಲು ಹತ್ತಿರ. ಫಾರ್ಮ್ ತುಂಬೂ ಮೊದಲ ಅರ್ಹತೆ ಕಾಲಂ ಎರಡ ಸಲ ಓದಾಕ ಹೇಳ್ರಿ. ನಮ್ಮ ಪೈಕಿ ಹುಡುಗ ಒಬ್ಬಾವ ಇದರಾಗ ಒಂದು ವರ್ಷ ಕಳಕೊಂಡಾನ.

ಕರಿಬೇವು, ಹಾವೇರಿ:
ಬಯಾಲಜಿ ಓದಿದವ್ರು ಇಷ್ಟು ಮಂದಿ ಸಿಕ್ಕೀರಿ ಅಂತ ಕೇಳ್ತೀನಿ, ನಮ್ಮ ಅಂಗಳದ ಕರಿಬೇವಿಗೆ ಬಿಳೇ ಹತ್ತಿ ಹಂಗ ಏನೋ ಹತ್ತೇತಿ. ಏನ್ ಹೊಡೀಬೇಕ್ರಿ?

ಬೀಜದ ಮನಿ, ರಾಣೆಬೆನ್ನೂರು:
ಬಿಳೇ ಹಿಟ್ಟಿನ ತಿಗಣಿ ಇರಬೇಕ್ರಿ. ಜೋರು ನೀರಿಲೆ ತೊಳದು, ಸಂಜಿಕ ತೆಳ್ಳಗ ಸಾಬೂನು ನೀರು ಹೊಡೀರಿ. ಅಲ್ಲಿ ಇರುವಿ ಓಡಾಡಾಕ್ಹತ್ತಿದ್ವು ಅಂದ್ರ ಮೊದಲ ಇರುವಿ ಬಂದೋಬಸ್ತ್ ಮಾಡ್ರಿ, ಅವ ಅದನ್ನ ಸಾಕ್ತಾವು. ಕಾಕಾ, ನೋಡಿದ್ರೆಲ್ಲ, ಇದೂ ನಮ್ಮ ಕೆಲಸನ. ಲಗ್ನದ ಪಂಕ್ತ್ಯಾಗ ಕುಂತಾಗನೂ ಕೇಳ್ತಾರ.

ಬ್ಯಾರಲ್ ಅಕ್ಕ, ಹುಬ್ಬಳ್ಳಿ:
ಅಣ್ಣಾರ, ನನ್ನ ಕಾರ್ಡಿನ ಮ್ಯಾಲೆ "ಕೀಟಶಾಸ್ತ್ರಜ್ಞೆ" ಅಂತ ಐತಿ, ಖರೇನ ಐತಿ. ನಿಮ್ಮ ಪ್ರೆಸ್ಸಿನಾಗ ಹಾಕಿಸಿಲ್ಲ, ಅಷ್ಟ. ಎಂ.ಎಸ್ಸಿ. ಪ್ರಾಣಿಶಾಸ್ತ್ರ, ಈಗ ಡೆಂಗಿ-ಮಲೇರಿಯಾ ಕೆಲಸ, ಗುತ್ತಿಗಿ ಮ್ಯಾಲೆ.

ಮುಂಜಾನೆ ಎದ್ದು ಏನ್ ಮಾಡ್ತಾರ ಅಂತ ಕೇಳಿದ್ರೆಲ್ಲ. ನಾ ಮಂದಿ ಮನಿ ಬಚ್ಚಲದಾಗ ಬ್ಯಾಟರಿ ಬಿಡ್ತೇನಿ. ಬ್ಯಾರಲ್, ಟಾಕಿ, ಫ್ರಿಜ್ಜಿನ ಹಿಂದಿನ ತಟ್ಟಿ, ಮಾಳಗಿ ಮ್ಯಾಲಿನ ಹಳೇ ಟೈರು, ದೇವರ ಮನಿ ತಾಮ್ರದ ತಂಬಿಗಿ. ಒಳಗ ಮರಿಹುಳ ಅದಾವೇನು, ಅದಾವಂದ್ರ ಯಾವ ಜಾತೀವು? ನೀರಿನ ಮ್ಯಾಲೆ ಅಡ್ಡ ಮಲಗಿದ್ರ ಅನಾಫಿಲಿಸ್, ಅದು ಮಲೇರಿಯಾದ್ದು. ತಲಿ ಕೆಳಗ ಮಾಡಿ ಜೋತುಬಿದ್ರ ಈಡಿಸ್ ಇಲ್ಲಾ ಕ್ಯುಲೆಕ್ಸ್. ಗಾಜಿನ ನಳಿಗಿಯೊಳಗ ತಂದು ಸೂಕ್ಷ್ಮದರ್ಶಕದಾಗ ಪಕ್ಕಾ ಮಾಡಬೇಕು. ನೂರು ಮನಿ ನೋಡಿದ್ರ ಎಷ್ಟು ಮನ್ಯಾಗ ಹುಳ ಇದ್ವು ಅನ್ನೂದು ಒಂದು ಲೆಕ್ಕ. ನೂರು ಮನಿಗೆ ಎಷ್ಟು ಪಾತ್ರೆದಾಗ ಸಿಕ್ವು ಅನ್ನೂದು ಇನ್ನೊಂದು, ಅದಕ್ಕ ಬ್ರೆಟೋ ಸೂಚ್ಯಂಕ ಅಂತಾರ. ದಿನಾ ಸಂಜಿಕ ಈ ಎರಡೂ ಅಂಕಿ ಮ್ಯಾಲೆ ಕಳಸಬೇಕು.

ನನಗ ಈ ಕೆಲಸದ ರುಚಿ ಹತ್ತಿದ್ದು ಒಂದು ಸಾದಾ ಲೆಕ್ಕದಿಂದ. ಹುಬ್ಬಳ್ಳಿ ನಿಮಗ ಗೊತ್ತಲ್ಲ. ಕೆಲವು ಓಣಿಗೆ 2008ರಿಂದ 24 ತಾಸು ನೀರು, ಉಳದವ್ರಿಗೆ ನಾಕು ದಿನಕ್ಕೊಮ್ಮೆ, ಒಮ್ಮೊಮ್ಮೆ ಎಂಟು ದಿನಕ್ಕೊಮ್ಮೆ. ನೀರು ಬಂದ ದಿನ ಮನಿ ಮಂದಿ ಎಲ್ಲಾ ಬಿಟ್ಟು ಬ್ಯಾರಲ್ ತುಂಬ್ತಾರ. ಈಡಿಸ್ ತತ್ತಿ ಒಡದು, ಹುಳಾಗಿ, ಕೋಶ ಆಗಿ, ಸೊಳ್ಳಿ ಆಗಿ ಹಾರಾಕ ಎಷ್ಟು ದಿನ ಬೇಕು? ಬೆಚ್ಚಗಿದ್ರ ಏಳೆಂಟು ದಿನ. ನೀರಿನ ಪಾಳಿ, ಸೊಳ್ಳಿ ಪಾಳಿ ಎರಡೂ ಒಂದ. ಹಂಗಂತ ನಾ ಹೋಗಿ "ಬ್ಯಾರಲ್ ಖಾಲಿ ಮಾಡ್ರಿ" ಅಂದ್ರ ಯಾರ ಮಾಡ್ತಾರ? ನೀರು ಮತ್ತ ಯಾವಾಗೋ! ಖಾಲಿ ಮಾಡಿದ್ರೂ ತತ್ತಿ ಬ್ಯಾರಲ್ ಗ್ವಾಡಿಗೆ, ನೀರಿನ ಗೆರಿ ಮ್ಯಾಲೆ ಅಂಟಿರ್ತಾವು. ಒಣಗಿದ್ರೂ ತಿಂಗಳಗಟ್ಟಲೆ ಸಾಯಂಗಿಲ್ಲ. ಹೊಸಾ ನೀರು ಬಿತ್ತೋ, ಶುರು. ಅದಕ್ಕ ನಾವು ತಿಕ್ಕಿ ತೊಳೀರಿ, ಹಳೇ ಸೀರಿ ಕಟ್ರಿ ಅಂತೇವಿ. ಪುಸ್ತಕದಾಗ ಇದಕ್ಕ ಜೀವನಚಕ್ರ ಅಂತ ಎರಡು ಮಾರ್ಕಿನ ಪ್ರಶ್ನೆ.

ಕಷ್ಟನೂ ಹೇಳ್ತೇನಿ. ಗುತ್ತಿಗಿ ಎಷ್ಟೊತ್ತಿಗೂ ತೂಗುಗತ್ತಿ. ಡೆಂಗಿ ಏರಿದಾಗ ಫೋನು ನಿಲ್ಲಂಗಿಲ್ಲ, ಇಳದ ಮ್ಯಾಲೆ "ನೀವ್ಯಾರು" ಅಂತಾರ. ಬಾಗಿಲಾ ತಗಿಯಾಕೂ ಒಲ್ಲೆ ಅನ್ನಾವ್ರು ಇರ್ತಾರ. ಬಾಗಿಲಾ ತಗದವ್ರು ಮಾತ್ರ ಬಿಡಂಗಿಲ್ಲ, ಶುಕ್ರಾರ ಹೋದ್ರ ಕುಂಕುಮ ಹಚ್ಚಿ, ಚಾ ಕುಡಿಸಿ ಕಳಸ್ತಾರ. ಒಂದು ದಿನಕ್ಕ ಹದಿನಾರು ಚಾ ಕುಡದ ದಾಖಲೆ ನಂದೈತಿ. ಅದಕ್ಕೂ ಒಂದು ಸೂಚ್ಯಂಕ ಬೇಕಾಗಿತ್ತು.

ಲೆಕ್ಕದ ಪುಸ್ತಕ, ಹುಬ್ಬಳ್ಳಿ:
ಅಕ್ಕಾರ, ಫ್ರಿಜ್ಜಿನ ಹಿಂದ ತಟ್ಟಿ ಇರತದ ಅಂತ ಇವತ್ತು ಗೊತ್ತಾತು. ಹೋಗಿ ನೋಡಿದೆ. ನೋಡಬಾರದಿತ್ತು.

ಆದ್ರೂ ನನ್ನ ಮಾತು ಬದಲಾಗಿಲ್ಲ. ಗುತ್ತಿಗಿ, ಅತಿಥಿ, ಪ್ರಾಜೆಕ್ಟು. ಈ ಮೂರು ಶಬ್ದ ಬಿಟ್ಟು ನಾಕನೇದ್ದು ಹೇಳ್ರಿ ನೋಡೂಣು.

ನಾಕನೇ ಶಬ್ದ, ಬೆಂಗಳೂರು (ಮೂಲ ಸಾಧನಕೇರಿ):
ನಾಕನೇ ಶಬ್ದ ಫೆಲೋಶಿಪ್. ಪೂರ್ತಿ ಕೇಳಿದ್ರ ಇದೂ ಅಷ್ಟ ನೆಮ್ಮದಿದ್ದಲ್ಲ.

ನಾನು ಪಿಎಚ್.ಡಿ. ಐದನೇ ವರ್ಷ. ಸಿಎಸ್‌ಐಆರ್ ನೆಟ್ ಅನ್ನೂ ರಾಷ್ಟ್ರೀಯ ಅರ್ಹತಾ ಪರೀಕ್ಷೆ ವರ್ಷಕ್ಕ ಎರಡು ಸಲ ನಡೀತದ, ಅದರಾಗ ಜೆಆರ್‌ಎಫ್, ಅಂದ್ರ ಸಂಶೋಧನೆ ಮಾಡೂ ಹುಡುಗರಿಗೆ ಕೊಡೂ ಫೆಲೋಶಿಪ್, ಸಿಕ್ರ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ, ಆಮ್ಯಾಲೆ 42 ಸಾವಿರ, ಜೊತಿಗೆ ಮನಿ ಬಾಡಗಿ ಭತ್ಯೆ. ಇದು 2023ರಾಗ ಆದ ದರ. ಕಾಗದದ ಮ್ಯಾಲೆ ಛಲೋ ಕಾಣತದ. ಆದ್ರ ಎಲ್ಲಾ ಫೆಲೋಶಿಪ್ಪೂ ತಿಂಗಳ ಒಂದನೇ ತಾರೀಕಿಗೆ ಬರೂದಿಲ್ಲ. ನನ್ನದು ಯಾರು ಕೊಡ್ತಾರ ಅಂತ ಹೇಳಂಗಿಲ್ಲ, ಒಮ್ಮೆ ಐದು ತಿಂಗಳು ಬರಲಿಲ್ಲ. ಅಣ್ಣನ ಕಡೆ ಸಾಲ ತಗೊಂಡು ಪಿಜಿ ಬಾಡಗಿ ಕಟ್ಟಿದೆ.

ದಿನದ ಕೆಲಸ ಕೇಳಿದ್ರ ಪಿಸಿಆರ್, ಅಂದ್ರ ಚೂರು ಡಿಎನ್‌ಎದ ನಕಲು ಮಾಡೂದು. 95 ಡಿಗ್ರಿ, 55 ಡಿಗ್ರಿ, 72 ಡಿಗ್ರಿ, ಹಿಂಗ ಮೂವತ್ತು ಮೂವತ್ತೈದು ಸುತ್ತು. ಹಾಕಿದ ಡಿಎನ್‌ಎ ಒಂದಿದ್ದದ್ದು ಕೋಟಿಗಟ್ಟಲೆ ಆಗತದ. ಪ್ರತಿ ಸಲ ಒಂದು ನಳಿಗಿಯೊಳಗ ಡಿಎನ್‌ಎ ಹಾಕದ ಬರೇ ನೀರು ಇಡ್ತೀವಿ, ಅದರಾಗ ಏನೂ ಬರಬಾರದು. ಎರಡನೇ ವರ್ಷ ನನಗ ಮೂರು ತಿಂಗಳು ಆ ಬರೇ ನೀರಿನ ನಳಿಗ್ಯಾಗನೂ ಡಿಎನ್‌ಎ ಅದ ಅಂತ ತೋರಸೂ ಗೆರಿ ಬರ್ತಿತ್ತು. ರಾಸಾಯನಿಕ ಬದಲಿಸಿದೆ, ಪಿಪೆಟ್ ಬಿಚ್ಚಿ ತೊಳದೆ, ಟೇಬಲ್ ಬದಲಿಸಿದೆ. ಕಡೀಕೆ ನೋಡಿದ್ರ ಎಲ್ಲಾರೂ ಬಳಸೂ ನೀರಿನ ಬಾಟ್ಲಿಯೊಳಗ ಯಾರೋ ಬಳಸಿದ ಪಿಪೆಟ್ ತುದಿ ಅದ್ದಿದ್ರು. ಆ ಮೂರು ತಿಂಗಳಿನ ಕೆಲಸ ನನ್ನ ಪ್ರಬಂಧದಾಗ ಒಂದು ಸಾಲೂ ಇಲ್ಲ.

ಬಿ.ಎಸ್ಸಿ. 21ಕ್ಕ, ಎಂ.ಎಸ್ಸಿ. 23ಕ್ಕ, ಪಿಎಚ್.ಡಿ. ಐದಾರು ವರ್ಷ, ಆಮ್ಯಾಲೆ ಪೋಸ್ಟ್‌ಡಾಕ್, ಅಂದ್ರ ಪಿಎಚ್.ಡಿ. ಮುಗದ ಮ್ಯಾಲಿನ ತಾತ್ಕಾಲಿಕ ಸಂಶೋಧನೆ ಕೆಲಸ. ಊರಿಗೆ ಬಂದ್ರ ಎದರು ಮನಿ ಅಜ್ಜಿ "ಇನ್ನೂ ಓದೂದು ಮುಗದಿಲ್ಲೇನವಾ?" ಅಂತಾರ. ಇದು ಓದೂದಲ್ಲ ಅಜ್ಜಿ, ಕೆಲಸ ಅಂದ್ರ, "ಹೌದಾ? ಮತ್ತ ಪಗಾರ ಯಾಕ ತಡಾ?" ಅಂದ್ರು. ನನ್ನ ಕಡೆ ಉತ್ತರ ಇರಲಿಲ್ಲ.

ಅಚ್ಚಿನಮನಿ, ಗದಗ:
ಎಲ್ಲಾರೂ ಇಷ್ಟು ಮನಸಿಟ್ಟು ಬರದೀರಿ, ಉಪಕಾರ್ರಿ. ರಾತ್ರಿ ಪ್ರೆಸ್ ಮುಚ್ಚಿದ ಮ್ಯಾಲೆ ಮನಿಯಾಕಿಗೆ ಓದಿ ಹೇಳೇನಿ. ಅಕಿ ಬೀಜದ ಮನಿಯವ್ರ ಅವ್ವನ ಮಾತಿಗೆ ಸುಮ್ಮನ ಕುಂತಳು. ಅಕಿ ತವರಮನ್ಯಾಗೂ ಕ್ರಾಸಿಂಗ್ ಇತ್ತಂತ, ಇಷ್ಟು ವರ್ಷ ನನಗ ಹೇಳಿದ್ದಿಲ್ಲ.

ಮಗಳು ಇವನ್ನೆಲ್ಲಾ ಓದಿ, "ಅಪ್ಪಾ, ನನಗ ಲ್ಯಾಬ್ ಬ್ಯಾಡ, ಕಾಡು ಬೇಕು" ಅನ್ನಾಕ್ಹತ್ಯಾಳ. ಈಗ ಇದು ಬ್ಯಾರೇ ತಲಿಬ್ಯಾನಿ. ಹೆಣ್ಮಗಳು ಒಬ್ಬಾಕೇ ಅಡವ್ಯಾಗ?

ಕಿರಬದ ಹಾದಿ, ಶಿರಹಟ್ಟಿ ಕಡೆಯಾಕಿ:
ಮಾಮಾರ, ಈ ಪ್ರಶ್ನೆಗೆ ನಾ ಹೇಳಬೇಕು. ಎಂಟು ವರ್ಷದಿಂದ ಅಡವಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಪ್ಪತಗುಡ್ಡದಲ್ಲಿ, ಅದರ ಸುತ್ತಲ ಕುರುಚಲು ಬಯಲಲ್ಲಿ, ಕತ್ತೆಕಿರುಬ ಮತ್ತು ತೋಳದ ಹಿಂದೆ.

ಮೊದಲು ಹೆದರಿಕೆಯ ವಿಷಯ. ಈ ಎಂಟು ವರ್ಷದಲ್ಲಿ ಕಾಡುಪ್ರಾಣಿ ನನಗೆ ಏನೂ ಮಾಡಿಲ್ಲ. ಬೈಕಿನಿಂದ ಎರಡು ಸಲ ಬಿದ್ದಿದ್ದೇನೆ, ಊರ ನಾಯಿ ಒಂದು ಸಲ ಕಚ್ಚಿದೆ. ನಿಜವಾದ ತೊಂದರೆ ಬೇರೆ: ದಿನವಿಡೀ ಬಯಲಲ್ಲಿ ಇರುವಾಗ ಪಾಯಖಾನೆ ಎಲ್ಲಿ, ಮುಟ್ಟಿನ ದಿನ ಏನು, ರೂಮು ಬಾಡಿಗೆಗೆ ಕೇಳಿದರೆ "ಒಬ್ಬಾಕೇನಾ?" ಅನ್ನುವವರ ಮುಖ. ಒಬ್ಬಳೇ ಹೋಗುವುದು ಕಡಿಮೆ. ಸ್ಥಳೀಯ ಸಹಾಯಕರು ಜೊತೆಗಿರುತ್ತಾರೆ, ನಮ್ಮವರು ಕುರಿ ಕಾಯುವ ಅಜ್ಜ. ಹೆಜ್ಜೆ ನೋಡಿ ನಾಯಿಯದೋ ತೋಳದ್ದೋ ಎಂದು ಅವರು ನಿಂತಲ್ಲೇ ಹೇಳುತ್ತಾರೆ, ನಾನು ಸ್ಕೇಲು ಇಟ್ಟು ಅಳೆದು ಅದನ್ನೇ ಬರೆದುಕೊಳ್ಳುತ್ತೇನೆ.

ಕೆಲಸ ಹೀಗಿದೆ. ಹಾದಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತೇವೆ. ಯಾಕೆ ಎರಡು? ಕಿರಬದ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ. ಎರಡೂ ಸಿಗದಿದ್ದರೆ ಒಂದೇ ಪ್ರಾಣಿಯನ್ನು ಎರಡೆಂದು ಎಣಿಸಿಬಿಡುತ್ತೇವೆ. ತಿಂಗಳ ಕೊನೆಗೆ ಕಾರ್ಡ್ ತೆಗೆದರೆ ಸಾವಿರಾರು ಚಿತ್ರ, ಬಹುಪಾಲು ಆಡು. ಆಡಿನ ಮುಖ, ಆಡಿನ ಬೆನ್ನು, ಕ್ಯಾಮೆರಾ ನೆಕ್ಕುವ ಆಡು. ಅವುಗಳ ಮಧ್ಯೆ ರಾತ್ರಿ ಎರಡು ಗಂಟೆಗೆ ಒಂದು ಕಿರಬ, ಕತ್ತಿನ ಕೂದಲು ನಿಮಿರಿಸಿಕೊಂಡು. ಆ ಒಂದು ಚಿತ್ರ ಸಿಕ್ಕ ದಿನ ಮಧ್ಯಾಹ್ನದ ಊಟ ಮರೆತಿದ್ದೇನೆ.

ರಾಣೆಬೆನ್ನೂರಿನ ಅಭಯಾರಣ್ಯದಲ್ಲೂ ಕೆಲಸ ಮಾಡಿದ್ದೇನೆ. 1974ರದ್ದು, 119 ಚದರ ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಅಂದರೆ ಆ ಹೆಸರಿನ ಬಸ್ಸು. ಅಲ್ಲಿ ನಿಜವಾದ ಚಿಗರಿ, ಅಂದರೆ ಕೃಷ್ಣಮೃಗ, ಎಣಿಸಬೇಕು. ಬೆಳಗಿನಲ್ಲಿ ನೇರ ಗೆರೆಯ ಮೇಲೆ ನಡೆಯುವುದು, ಹಿಂಡು ಕಂಡರೆ ಎಷ್ಟು ದೂರ, ಯಾವ ಕೋನ, ಎಷ್ಟು ಗಂಡು ಎಷ್ಟು ಹೆಣ್ಣು ಎಂದು ಬರೆಯುವುದು. ಬಯಲಿನ ಪ್ರಾಣಿಯ ಮನೆಯಲ್ಲಿ ನೀಲಗಿರಿ ನೆಟ್ಟಿದ್ದೇವೆ. ಒಂದು ಕಾಲಕ್ಕೆ ಎರೆಭೂತ ಹಕ್ಕಿಗೂ ಆ ಜಾಗ ಹೆಸರಾಗಿತ್ತು. ಈಗ ಆ ಹಕ್ಕಿಯ ಕಥೆ ಹೇಳುವವರು ಸಿಗುತ್ತಾರೆ, ಹಕ್ಕಿ ಸಿಗುವುದಿಲ್ಲ. ಕಪ್ಪತಗುಡ್ಡಕ್ಕೆ ಅಭಯಾರಣ್ಯದ ಪಟ್ಟ ಸಿಕ್ಕಿದ್ದು 2019ರಲ್ಲಿ, ಅದೂ ಗದಗಿನ ಜನ ಬೀದಿಗಿಳಿದು ಹೋರಾಡಿದ ಮೇಲೆ. ಅಂಥ ಕಡೆ ಎಣಿಕೆ ಅನ್ನುವುದು ಬರೀ ಎಣಿಕೆ ಅಲ್ಲ ಮಾಮಾರ. ನಾಳೆ ಯಾರಾದರೂ "ಅಲ್ಲೇನೈತಿ, ಬರೇ ಕಲ್ಲುಗುಡ್ಡ" ಅಂದರೆ ಮುಂದಿಡಲು ಏನಾದರೂ ಬೇಕಲ್ಲ.

ಹಣದ ಮಾತು ಲೆಕ್ಕದ ಪುಸ್ತಕದವರು ಹೇಳಿದ್ದೇ ಸರಿ. ಹನ್ನೊಂದು ತಿಂಗಳ ಪ್ರಾಜೆಕ್ಟು, ಮುಗಿದರೆ ಮುಂದಿನದು ಹುಡುಕು. ವರ್ಷದಲ್ಲಿ ಅರ್ಧ ಭಾಗ ನಾನು ಅಡವಿಯಲ್ಲಿ ಇರುವುದೂ ಇಲ್ಲ, ಕೋಣೆಯಲ್ಲಿ ಕೂತು ವರದಿ, ನಕ್ಷೆ, ಅಂಕಿಸಂಖ್ಯೆ. ಮಗಳಿಗೆ ಈಗಲೇ ಹೇಳಿ: ಸಂಖ್ಯಾಶಾಸ್ತ್ರ ಬಿಡಬೇಡ, ಅಂಕಿಸಂಖ್ಯೆ ಲೆಕ್ಕಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್ ಕಲಿ, ಇಂಗ್ಲಿಷಿನಲ್ಲಿ ವರದಿ ಬರೆಯಲು ಕಲಿ. ವನ್ಯಜೀವಿ ಎಂ.ಎಸ್ಸಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಇದೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿದೆ, ಎರಡರಲ್ಲೂ ಸೀಟು ಕಡಿಮೆ. ಖಾಯಂ ನೌಕರಿಯೇ ಬೇಕು ಅಂದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಅರ್ಹರು. ಕಠಿಣ, ಆದರೆ ಬಾಗಿಲು ತೆರೆದಿದೆ.

ಇಷ್ಟೆಲ್ಲ ಓದುವುದಕ್ಕಿಂತ ಒಂದು ಕೆಲಸ ಮಾಡಿ. ಚಳಿಗಾಲ ಶುರುವಾಗಿದೆ. ಮಗಳ ಜೊತೆ ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಬೆಳಗಿನಲ್ಲಿ ಹೋಗಿ ಬನ್ನಿ. ಸೂರ್ಯ ಹುಟ್ಟುವ ಮೊದಲು ಅಲ್ಲಿರಬೇಕು.

ಅತಿಥಿ ದೇವೋ ಭವ, ಧಾರವಾಡ:
ಕಿರಬದ ಹಾದಿಯವರೇ, ನೀವು ನನ್ನ ವಿದ್ಯಾರ್ಥಿನಿಯೇ? ಒಬ್ಬಳು ಹುಡುಗಿ ಪ್ರಾಯೋಗಿಕ ತರಗತಿ ತಪ್ಪಿಸಿ ನುಗ್ಗಿಕೇರಿ ಕಡೆ ಹಕ್ಕಿ ನೋಡಲು ಹೋಗುತ್ತಿದ್ದಳು. ಹಾಜರಾತಿ ಕೊಡದೆ ಸತಾಯಿಸಿದ್ದೆ.

ಕಿರಬದ ಹಾದಿ, ಶಿರಹಟ್ಟಿ ಕಡೆಯಾಕಿ:
ಸರ್, ನಾನಲ್ಲ. ಆದರೆ ಅವಳಿಗೆ ಹಾಜರಾತಿ ಕೊಟ್ಟುಬಿಡಬೇಕಿತ್ತು ಸರ್.

ಅಚ್ಚಿನಮನಿ, ಗದಗ:
ಮೂರು ವಾರ ಆತು, ಬರಿಯಾಕ ತಡಾ ಆತು, ಲಗ್ನಪತ್ರದ ಸೀಸನ್ನು. ಹ್ವಾದ ಆಯತಾರ ಮಾಗಡಿ ಕೆರಿಗೆ ಹೋಗಿದ್ವಿ.

ನಸುಕಿನ್ಯಾಗ ನಾಕಕ್ಕ ಸ್ಕೂಟರ್ ಹತ್ತಿದ್ವಿ. ದಂಡಿ ಮ್ಯಾಲೆ ಕುಂತ್ರ ಮೊದಲ ಏನೂ ಕಾಣಲಿಲ್ಲ, ಬರೇ ಸಪ್ಪಳ. ಬೆಳಕಾಗೂ ಹೊತ್ತಿಗೆ ಹೊಲದ ಕಡಿಂದ ಹಕ್ಕಿ ಸಾಲ ಹಿಡದು ಬಂದು ನೀರಿಗೆ ಇಳಿಯಾಕ್ಹತ್ತಿದ್ವು. ತಲಿ ಮ್ಯಾಲೆ ಎರಡು ಕರೀ ಪಟ್ಟಿ. ಪಟ್ಟೆತಲೆ ಹೆಬ್ಬಾತು, ಹಿಮಾಲಯ ದಾಟಿ ಬರ್ತಾವಪ್ಪಾ ಅಂದ್ಲು ಮಗಳು. ನಮ್ಮ ಈ ಕೆರಿ 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ಪ್ರದೇಶಗಳ ಪಟ್ಟಿಗೆ ಸೇರೇತಿ ಅಂತ, ದೇಶ ದೇಶದ ಮಂದಿ ಹೆಸರು ತಗೋತಾರಂತ. ನಾ ಮೂವತ್ತು ವರ್ಷದಾಗ ಅದರ ಬಾಜು ಎಷ್ಟು ಸಲ ಲಗ್ನಪತ್ರ ಕೊಡಾಕ ಹೋಗೇನಿ, ಒಮ್ಮೆನೂ ಇಳದು ನೋಡಿಲ್ಲ.

ಇಬ್ಬರೂ ಬ್ಯಾರೆ ಬ್ಯಾರೆ ಎಣಿಸಿದ್ವಿ. ನನ್ನವು 640, ಅಕಿವು 410. ಪ್ರೆಸ್ಸಿನಾಗ ಕಾರ್ಡ್ ಎಣಿಸಿದ ಕೈ ನಂದು, ತಪ್ಪಂಗಿಲ್ಲ ಅಂತ ವಾದಾ ಮಾಡಿದೆ. ಅಕಿ ಬೈನಾಕ್ಯುಲರ್ ಕೊಟ್ಟು ತೋರಿಸಿದ್ಲು, ನಾ ನಾಮದ ಕೋಳಿನೂ ಸೇರಿಸಿ ಎಣಿಸೇನಿ. ಕರೇ ಮೈ, ಹಣಿ ಮ್ಯಾಲೆ ಬಿಳೇ ನಾಮ. ಅಕಿ ಹತ್ತು ಹಕ್ಕಿ ಅಂದ್ರ ಎಷ್ಟಗಲ ಕಾಣತಾವು ಅಂತ ಮೊದಲ ಕಣ್ಣಾಗ ಅಳತಿ ಹಿಡಕೊಂಡು, ಆ ಅಳತೀಲೆ ಇಡೀ ಹಿಂಡು ಎಣಿಸ್ತಾಳ, ಮೂರು ಸಲ. ಮೂರೂ ಸಲದ್ದು ಬರಕೊಂಡ್ಲು, ಚುಲೋ ಬಂದದ್ದಷ್ಟ ಇಟಗೊಳ್ಳಲಿಲ್ಲ.

ಮುಂದಿನ ವರ್ಷದ್ದು ಇನ್ನೂ ಏನೂ ಪಕ್ಕಾ ಇಲ್ರಿ. ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಫಾರ್ಮ್ ತುಂಬಾಕ್ಹತ್ಯಾಳ, ಅರ್ಹತೆ ಕಾಲಂ ಎರಡ ಸಲ ನಾನ ಓದೇನಿ. ಮನಿಯಾಕಿ ಬಿ.ಎಡ್. ಫಾರ್ಮನೂ ತರಸ್ಯಾಳ, ಅದು ಟಿವಿ ಮ್ಯಾಲೆ ಕುಂತೈತಿ.

ಸದ್ಯಕ್ಕ ಒಂದ ಪ್ರಶ್ನೆ. ಮೊನ್ನೆ ಒಯ್ದ ಬೈನಾಕ್ಯುಲರ್ ಅಕಿ ಗೆಳತಿದು. ಒಂದು ಕೊಡಸೂಣು ಅಂತ ಹುಬ್ಬಳ್ಳಿಗೆ ಹೋಗಿದ್ದೆ. ಅಂಗಡಿಯಾವ 10×50 ತಗೋರಿ, ದೊಡ್ಡದು ಕಾಣತೈತಿ ಅಂತಾನ. ಮಗಳು 8×42 ಅಂತಾಳ. ಮೊದಲಿನ ಅಂಕಿ ಎಷ್ಟು ಪಟ್ಟು ದೊಡ್ಡದು ಕಾಣತೈತಿ ಅನ್ನೂದಂತ, ಎರಡನೇದ್ದು ಮುಂದಿನ ಗಾಜಿನ ಅಗಲ ಅಂತ. ಯಾವ್ದು?

ಕಿರಬದ ಹಾದಿ, ಶಿರಹಟ್ಟಿ ಕಡೆಯಾಕಿ:
8×42 ಮಾಮಾರ. 10×50 ಭಾರ, ಅರ್ಧ ತಾಸಿಗೆ ಕೈ ನಡುಗಲು ಶುರುವಾಗುತ್ತದೆ, ಹಕ್ಕಿಯೂ ನಡುಗುತ್ತದೆ.

ಲೆಕ್ಕದ ಪುಸ್ತಕ, ಹುಬ್ಬಳ್ಳಿ:
ಕಾಕಾ, ಅಂಗಡಿ ಯಾವ್ದು ಹೇಳ್ರಿ, ನಾ ಚೌಕಾಶಿ ಮಾಡಿ ಕೊಡಸ್ತೀನಿ. ಆಯತಾರ ಮತ್ತ ಹೋಗೂದಿದ್ರ ಸ್ಕೂಟರ್ ಬ್ಯಾಡ, ನನ್ನ ಕಡೆ ಕಾರ್ ಅದ.